ಪುಟ್ಟ ಕೈಯ ಗುರುತು, ಹಬ್ಬದ ನೆನಪು: ಎಳೆಮಕ್ಕಳ ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈ ಬಳಿಯ ಡೊಂಬಿವಲಿಯಲ್ಲಿ ನಮ್ಮ ಸುತ್ತಮುತ್ತ ಕನ್ನಡದ ಮನೆಗಳು ಸಾಕಷ್ಟಿವೆ. ಹಬ್ಬ ಹತ್ತಿರ ಬಂತೆಂದರೆ ಎಳೆಮಕ್ಕಳಿರುವವರೆಲ್ಲ ಕೇಳುವುದು ಒಂದೇ ಮಾತು. ಈ ಹಬ್ಬದ ನೆನಪಿಗೆ ಮಗುವಿನ ಕೈಯಿಂದ ಏನಾದರೂ ಮಾಡಿಸಿ ಇಡಬೇಕು, ಏನು ಮಾಡಿಸೋಣ? ಹುಟ್ಟಿದ ಮಗುವಿನಿಂದ ಹಿಡಿದು ಮೂರು ವರ್ಷದವರೆಗಿನ ಮಕ್ಕಳ ಜೊತೆ ಮಾಡಬಹುದಾದದ್ದನ್ನು ಇಲ್ಲಿ ಬರೆದಿದ್ದೇನೆ. ನನ್ನ ಹಟ ಇಷ್ಟೇ: ಆ ವಸ್ತುವಿನ ಮೇಲೆ ಮಗುವಿನ ಗುರುತು ಇರಬೇಕು, ನಮ್ಮದಲ್ಲ. ದೊಡ್ಡವರು ತಿದ್ದಿ ತೀಡಿ ಚಂದ ಮಾಡಿದ್ದು ಅಂಗಡಿಯಲ್ಲೂ ಸಿಗುತ್ತದೆ.

ಎಷ್ಟು ತಿಂಗಳಿಗೆ ಶುರು ಮಾಡಬಹುದು?

ಕಾಲಚ್ಚನ್ನು ಮೊದಲ ತಿಂಗಳಲ್ಲೇ ತೆಗೆಯಬಹುದು. ಅಂಗೈ ಅಚ್ಚಿಗೆ ಸ್ವಲ್ಪ ಕಾಯಬೇಕು. ಹುಟ್ಟಿದ ಮಗು ಅಂಗೈಗೆ ಏನು ತಾಗಿದರೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಅದು ಹುಟ್ಟಿನಿಂದಲೇ ಬಂದ ಗುಣ, ಐದಾರು ತಿಂಗಳ ಹೊತ್ತಿಗೆ ತಾನೇ ಕಡಿಮೆಯಾಗುತ್ತದೆ. ಅಲ್ಲಿಯವರೆಗೆ ಬೆರಳು ಬಿಡಿಸಲು ಒದ್ದಾಡಬೇಡಿ. ಮಗುವೂ ಅಳುತ್ತದೆ, ಅಚ್ಚೂ ಕಲಸಿಹೋಗುತ್ತದೆ. ಒಂದೂವರೆ ವರ್ಷದ ಮೇಲೆ ಗೀಚುವುದು, ಕಾಗದ ಹರಿಯುವುದು, ಅಂಟಿಸುವುದು ಎಲ್ಲ ಆಗುತ್ತದೆ. ಕತ್ತರಿ ಮಾತ್ರ ಮೂರು ವರ್ಷದವರೆಗೆ ನಿಮ್ಮ ಕೈಯಲ್ಲೇ ಇರಲಿ.

ಕಾಲಚ್ಚು ಪ್ರತಿಸಲ ಕಲಸಿಹೋಗುತ್ತದೆ. ಸರಿಯಾಗಿ ಬರಲು ಏನು ಮಾಡಬೇಕು?

ಇದಕ್ಕೆ ಇಬ್ಬರು ಬೇಕು. ಒಬ್ಬರು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಿಮ್ಮಡಿಯ ಮೇಲೆ, ಗಂಟಿನ ಹತ್ತಿರ ಹಗುರವಾಗಿ ಹಿಡಿಯಲಿ. ಹೊಟ್ಟೆ ತುಂಬಿ ಕಣ್ಣು ಎಳೆಯುವ ಹೊತ್ತು ಎಲ್ಲಕ್ಕಿಂತ ಒಳ್ಳೆಯದು. ಕೆಲವು ಮಕ್ಕಳು ಪೂರ್ತಿ ನಿದ್ದೆ ಹೋದ ಮೇಲೂ ಆಗುತ್ತದೆ. ಇನ್ನು ಕೆಲವರು ಪಾದ ಮುಟ್ಟಿದ ಕೂಡಲೇ ಬೆರಳು ಮಡಚಿಕೊಳ್ಳುತ್ತಾರೆ, ಅಂಥವರನ್ನು ಎಚ್ಚರ ಇರುವಾಗಲೇ ಆಟವಾಡಿಸುತ್ತಾ ಮಾಡಿ.

ಬಣ್ಣವನ್ನು ಬ್ರಷ್‌ನಲ್ಲಿ ಬಳಿಯಬೇಡಿ, ಜಾಸ್ತಿಯಾಗುತ್ತದೆ. ಸ್ಪಂಜಿನ ಸಣ್ಣ ತುಂಡಿಗೆ ಬಣ್ಣ ಹಚ್ಚಿ, ಆ ಸ್ಪಂಜನ್ನು ಒಮ್ಮೆ ಹಳೆ ಕಾಗದದ ಮೇಲೆ ಒತ್ತಿ, ಉಳಿದದ್ದನ್ನು ಪಾದಕ್ಕೆ ತಟ್ಟಿ. ಪಾದವನ್ನು ಕಾಗದದ ಮೇಲೆ ಇಡುವ ಬದಲು ಕಾಗದವನ್ನೇ ಪಾದಕ್ಕೆ ತನ್ನಿ. ಕಾಗದದ ಹಿಂದೆ ಗಟ್ಟಿ ರಟ್ಟು ಇರಲಿ. ಹಿಮ್ಮಡಿಯಿಂದ ಶುರು ಮಾಡಿ ಬೆರಳಿನ ಕಡೆಗೆ ಒತ್ತುತ್ತಾ ಹೋಗಿ, ಕೊನೆಗೆ ಒಂದೊಂದು ಬೆರಳನ್ನೂ ಕಾಗದದ ಹಿಂದಿನಿಂದ ನಿಮ್ಮ ಬೆರಳಲ್ಲಿ ತಟ್ಟಿ. ಮೊದಲ ಅಚ್ಚು ದಪ್ಪ ಬರುತ್ತದೆ. ಬಣ್ಣ ಹಚ್ಚದೆ ತಕ್ಷಣ ಇನ್ನೊಂದು ತೆಗೆಯಿರಿ. ಆ ಎರಡನೆಯದರಲ್ಲೇ ಪಾದದ ಗೆರೆಗಳು ಕಾಣುವುದು. ಹಾಗಾಗಿ ಒಳ್ಳೆಯ ಕಾಗದವನ್ನು ಎರಡನೇ ಸಲಕ್ಕೆ ಇಟ್ಟುಕೊಳ್ಳಿ.

ಅಚ್ಚಿನಲ್ಲಿ ಪಾದ ಚಪ್ಪಟೆ ಕಾಣುತ್ತದೆ ಎಂದು ಕೆಲವರು ಗಾಬರಿಯಾಗುತ್ತಾರೆ. ಈ ವಯಸ್ಸಿನಲ್ಲಿ ಪಾದದಡಿ ಕೊಬ್ಬು ತುಂಬಿರುತ್ತದೆ, ಒಳಬಾಗು ಆಮೇಲೆ ಮೂಡುತ್ತದೆ. ಆ ಚಪ್ಪಟೆ ಪಾದ ಮುಂದೆ ನೋಡಬೇಕೆಂದರೂ ಸಿಗುವುದಿಲ್ಲ, ಅದಕ್ಕೇ ತೆಗೆದಿಡಿ ಅನ್ನುವುದು.

ಯಾವ ಬಣ್ಣ ಹಚ್ಚಬೇಕು? ಅತ್ತೆಯವರು ಕುಂಕುಮದ ನೀರೇ ಸಾಕು ಅಂತಾರೆ.

ಅತ್ತೆಯವರ ಆಸೆ ಅರ್ಥವಾಗುತ್ತದೆ. ಮನೆಗೆ ಬರುವ ಪುಟ್ಟ ಪಾದ ಕೆಂಪಗಿರಬೇಕು ಎಂದು ಯಾರಿಗೆ ಅನಿಸುವುದಿಲ್ಲ? ಆದರೆ ಈಗ ಪೊಟ್ಟಣದಲ್ಲಿ ಬರುವ ಕುಂಕುಮದಲ್ಲಿ ಬಹಳಷ್ಟು ಸಲ ಕೃತಕ ಬಣ್ಣ ಇರುತ್ತದೆ. ಸಿಂಧೂರದಲ್ಲಿ ಸೀಸ ಬೆರೆತಿರುವುದೂ ಉಂಟು. ಮಗು ಕಾಲಿನ ಬೆರಳನ್ನೂ ಬಾಯಿಗೆ ಹಾಕುತ್ತದೆ ಅಲ್ವಾ? ಹಾಗಾಗಿ ಬೇಡ. ಅರಿಸಿನಕ್ಕೆ ಸುಣ್ಣ ಬೆರೆಸಿ ಮನೆಯಲ್ಲೇ ಕೆಂಪು ಮಾಡುವುದೂ ಬೇಡ, ಸುಣ್ಣ ಎಳೆ ಚರ್ಮವನ್ನು ಸುಡುತ್ತದೆ.

ಮಕ್ಕಳಿಗೆಂದೇ ಬರುವ, ನೀರಲ್ಲಿ ತೊಳೆದರೆ ಹೋಗುವ ಫಿಂಗರ್ ಪೇಂಟ್ ತನ್ನಿ. ಡಬ್ಬಿಯ ಮೇಲೆ ಯಾವ ವಯಸ್ಸಿನವರಿಗೆ ಎಂದು ಬರೆದಿರುತ್ತದೆ, ಓದಿ. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಮಾರುವ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಮಣ್ಣು, ಅಚ್ಚು, ಬಣ್ಣ ಎಲ್ಲ ಸೇರಿಸಿ ಆಟದ ಸೆಟ್ ಎಂದು ಮಾರುವುದನ್ನು ತರುವಾಗ ಆ ಗುರುತು ಹುಡುಕಿ. ಅಕ್ರಿಲಿಕ್ ಬಣ್ಣ, ಬಟ್ಟೆಗೆ ಹಚ್ಚುವ ಬಣ್ಣ, ಕಚೇರಿಯ ಸ್ಟಾಂಪ್ ಪ್ಯಾಡ್ ಇಂಕು ಮಗುವಿನ ಚರ್ಮಕ್ಕೆ ಬೇಡವೇ ಬೇಡ. ಹಿಂದಿನ ದಿನ ಮುಂಗೈ ಒಳಭಾಗಕ್ಕೆ ಒಂದು ಚುಕ್ಕೆ ಹಚ್ಚಿ ತೊಳೆದು ನೋಡಿ. ಕೆಂಪಾದರೆ ಬಿಟ್ಟುಬಿಡಿ, ಪೆನ್ಸಿಲಿನಲ್ಲಿ ಕೈ ಸುತ್ತ ಗೆರೆ ಎಳೆದರೂ ನೆನಪೇ. ಎಕ್ಸಿಮಾ (ಇಸುಬು) ಇರುವ ಮಕ್ಕಳಿಗೆ ನಾನು ನೇರ ಪೆನ್ಸಿಲನ್ನೇ ಹೇಳುತ್ತೇನೆ.

ಬೀಟ್‌ರೂಟ್ ರಸ, ಪಾಲಕ್ ರಸ, ಅರಿಸಿನದ ನೀರು ಆಟಕ್ಕೆ ಬಹಳ ಒಳ್ಳೆಯವು. ಬಾಯಿಗೆ ಹೋದರೂ ಚಿಂತೆಯಿಲ್ಲ. ಆದರೆ ಬೀಟ್‌ರೂಟ್ ಕಂದಾಗುತ್ತದೆ, ಅರಿಸಿನ ಬೆಳಕಿಗೆ ಮಾಸುತ್ತದೆ. ಅವುಗಳಲ್ಲಿ ಮಾಡಿದ್ದನ್ನು ಅದೇ ದಿನ ಫೋಟೋ ತೆಗೆದಿಡಿ.

ಬಾಯಿಗೆ ಹಾಕಿಕೊಳ್ಳುವ ವಯಸ್ಸು. ಏನೇನು ದೂರ ಇಡಬೇಕು?

ಮಣಿ, ಗುಂಡಿ, ಕುಂದಣ, ಥರ್ಮೋಕೋಲ್ ಕಾಳು, ಮಿನುಗುವ ಪುಡಿ ಎಲ್ಲವನ್ನೂ. ಟಾಯ್ಲೆಟ್ ಪೇಪರ್ ರೋಲಿನ ಒಳಗಿನ ಕೊಳವೆಯಲ್ಲಿ ತೂರಿಹೋಗುವ ಯಾವ ವಸ್ತುವೂ ಮೂರು ವರ್ಷದೊಳಗಿನ ಮಗುವಿನ ಕೈಗೆ ಸಿಗಬಾರದು. ಇದು ಮನೆಯಲ್ಲೇ ಮಾಡಬಹುದಾದ ಸುಲಭದ ಪರೀಕ್ಷೆ.

ಎಲ್ಲಕ್ಕಿಂತ ನನಗೆ ಭಯ ಬ್ಯಾಟರಿ ಹಣತೆಯದು. ದೀಪಾವಳಿಗೆ ಬೀದಿ ಬೀದಿಯಲ್ಲಿ ಮಾರುವ ಆ ಪ್ಲಾಸ್ಟಿಕ್ ದೀಪಗಳ ಒಳಗೆ ನಾಣ್ಯದಂಥ ಬಟನ್ ಸೆಲ್ ಇರುತ್ತದೆ. ಬಹಳಷ್ಟು ದೀಪಗಳಲ್ಲಿ ಅದರ ಮುಚ್ಚಳಕ್ಕೆ ಸ್ಕ್ರೂ ಕೂಡ ಇರುವುದಿಲ್ಲ. ಮಗು ಅದನ್ನು ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಒಳಗೆ ಸುಡಬಹುದು. ನುಂಗಿರಬಹುದು ಎಂಬ ಅನುಮಾನ ಬಂದರೂ ಸಾಕು, ಕಾದು ನೋಡಬೇಡಿ, ವಾಂತಿ ಮಾಡಿಸಬೇಡಿ, ಎಕ್ಸ್‌ರೇ ಇರುವ ಆಸ್ಪತ್ರೆಗೆ ಓಡಿ. ಮಗು ಮಾಡಿದ ಕಂದೀಲಿನೊಳಗೆ, ಅಂದರೆ ಆಕಾಶಬುಟ್ಟಿಯೊಳಗೆ, ಬೆಳಕು ಬೇಕಿದ್ದರೆ ಗೋಡೆಯ ಪ್ಲಗ್ಗಿನಿಂದ ಬರುವ ಸಣ್ಣ ಬಲ್ಬನ್ನು ಎತ್ತರದಲ್ಲಿ ತೂಗಿಹಾಕಿ.

ಉಪ್ಪು-ಮೈದಾ ಹಿಟ್ಟಿನಲ್ಲಿ ಒತ್ತಿದ ಕೈ ಅಚ್ಚು ಮಳೆಗಾಲದಲ್ಲಿ ಬೆವರಿ ಮೆತ್ತಗಾಯಿತು. ಯಾಕೆ?

ಮುಂಬೈ ಗಾಳಿ ಕಾರಣ. ಗಾಳಿಯಲ್ಲಿನ ತೇವ ಶೇಕಡಾ 75ರ ಆಸುಪಾಸು ದಾಟಿದರೆ ಉಪ್ಪು ನೀರನ್ನು ಎಳೆದುಕೊಳ್ಳಲು ಶುರು ಮಾಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಅದಕ್ಕಿಂತ ಜಾಸ್ತಿಯೇ ಇರುತ್ತದೆ. ಅಡುಗೆಮನೆಯ ಉಪ್ಪಿನ ಡಬ್ಬಿ ಒದ್ದೆಯಾಗುವುದೂ ಇದೇ ಕಾರಣಕ್ಕೆ. ಹಾಗಾಗಿ ಉಪ್ಪಿನ ಹಿಟ್ಟನ್ನು ನವೆಂಬರಿನಿಂದ ಫೆಬ್ರವರಿಯೊಳಗೆ ಮಾಡಿ. ಪುಣೆಯವರಿಗೆ ಇದು ಇನ್ನೂ ಸುಲಭ, ಅಲ್ಲಿನ ಚಳಿಗಾಲ ಒಣಹವೆ.

ಅಳತೆ ಹೀಗೆ. ಎರಡು ಬಟ್ಟಲು ಮೈದಾ, ಒಂದು ಬಟ್ಟಲು ಪುಡಿ ಉಪ್ಪು, ಮುಕ್ಕಾಲು ಬಟ್ಟಲಿನಿಂದ ಒಂದು ಬಟ್ಟಲು ನೀರು. ನೀರನ್ನು ಒಮ್ಮೆಲೇ ಸುರಿಯಬೇಡಿ. ಪೂರಿ ಹಿಟ್ಟಿನ ಹದಕ್ಕೆ ನಾದಿ, ಸುಮಾರು ಒಂದು ಸೆಂಟಿಮೀಟರ್ ದಪ್ಪ ಲಟ್ಟಿಸಿ, ಮಗುವಿನ ಕೈ ಒತ್ತಿ. ತೂಗುಹಾಕಲು ತೂತು ಬೇಕಿದ್ದರೆ ಸ್ಟ್ರಾದಿಂದ ಈಗಲೇ ಮಾಡಿ. ಓವನ್ ಇದ್ದರೆ 100ರಿಂದ 120 ಡಿಗ್ರಿಯಲ್ಲಿ ಎರಡು ಮೂರು ಗಂಟೆ, ಇಲ್ಲದಿದ್ದರೆ ಫ್ಯಾನಿನ ಕೆಳಗೆ ದಿನಕ್ಕೊಮ್ಮೆ ತಿರುಗಿಸುತ್ತಾ ನಾಲ್ಕೈದು ದಿನ. ಪೂರ್ತಿ ಒಣಗಿದ ಮೇಲೆ ಎರಡೂ ಬದಿಗೆ, ಅಂಚಿಗೂ ಸೇರಿಸಿ ವಾರ್ನಿಶ್ ಹಚ್ಚಿ. ಅದನ್ನು ಮಗು ಮನೆಯಲ್ಲಿಲ್ಲದ ಹೊತ್ತು ಮಾಡಿ.

ಮಳೆಗಾಲಕ್ಕೆ ಬೇರೆ ಮಣ್ಣು ಇದೆ. ಒಂದು ಬಟ್ಟಲು ಕಾರ್ನ್‌ಫ್ಲೋರ್, ಎರಡು ಬಟ್ಟಲು ಅಡುಗೆ ಸೋಡಾ, ಒಂದೂಕಾಲು ಬಟ್ಟಲು ನೀರು. ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಿ. ಮೊದಲು ಹಾಲಿನ ಹಾಗೆ ಇರುತ್ತದೆ, ಆಮೇಲೆ ಇದ್ದಕ್ಕಿದ್ದ ಹಾಗೆ ಮುದ್ದೆಯಾಗುತ್ತದೆ. ಆ ಕ್ಷಣವೇ ಇಳಿಸಿ, ಒದ್ದೆ ಬಟ್ಟೆ ಮುಚ್ಚಿ ಆರಿಸಿ. ಬಿಳಿಯಾಗಿ, ನುಣುಪಾಗಿ ಒಣಗುತ್ತದೆ, ಅಂಗೈ ಗೆರೆಗಳು ಉಪ್ಪಿನ ಹಿಟ್ಟಿಗಿಂತ ಚೆನ್ನಾಗಿ ಮೂಡುತ್ತವೆ. ನಿಜ ಹೇಳಬೇಕೆಂದರೆ ನಾನು ವರ್ಷವಿಡೀ ಇದನ್ನೇ ಮಾಡುವುದು.

ಎರಡರಲ್ಲಿ ಯಾವುದನ್ನೂ ಮಗು ತಿನ್ನಬಾರದು. ಹಿಟ್ಟಲ್ವಾ, ಏನಾಗುತ್ತದೆ ಎಂದುಕೊಳ್ಳಬೇಡಿ. ಅಷ್ಟು ಉಪ್ಪು, ಅಷ್ಟು ಸೋಡಾ ಎಳೆ ಮೂತ್ರಪಿಂಡಕ್ಕೆ ಅಪಾಯ. ಮನೆಯಲ್ಲಿ ನಾಯಿ ಇದ್ದರೆ ಅದಕ್ಕೂ ಅಷ್ಟೇ.

ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಕೈ ಅದ್ದಿಸಬಹುದಾ?

ಬೇಡ. ಪ್ಲಾಸ್ಟರ್ ಗಟ್ಟಿಯಾಗುವಾಗ ಬಿಸಿಯಾಗುತ್ತದೆ, ಒಳಗಿರುವ ಕೈ ಸುಟ್ಟುಹೋಗುತ್ತದೆ. ಮೂರು ಆಯಾಮದ ಕೈ ಬೇಕೇ ಬೇಕು ಅನ್ನುವವರು ಆಲ್ಜಿನೇಟ್ ಪುಡಿ ತನ್ನಿ. ಹಲ್ಲಿನ ವೈದ್ಯರು ಬಾಯಿಯ ಅಚ್ಚು ತೆಗೆಯುವುದು ಅದರಲ್ಲೇ. ನೀರಲ್ಲಿ ಕಲಸಿ ಕೈ ಅದ್ದಿದರೆ ಕೆಲವೇ ನಿಮಿಷಕ್ಕೆ ರಬ್ಬರಿನಂತಾಗುತ್ತದೆ. ಕೈ ಹೊರಗೆ ತೆಗೆದ ಮೇಲೆ ಆ ಖಾಲಿ ಜಾಗಕ್ಕೆ ಪ್ಲಾಸ್ಟರ್ ಸುರಿಯಿರಿ.

ಯುಗಾದಿಗೆ ಏನು ಮಾಡಬಹುದು?

ಇದು ನನಗೆ ಎಲ್ಲಕ್ಕಿಂತ ಇಷ್ಟವಾದದ್ದು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ಮಗುವಿನ ಅಚ್ಚುಗಳ ಮಾವಿನ ತೋರಣ.

ಅಜ್ಜನ ಹಳೆಯ ಪಂಚೆ ಇದ್ದರೆ ಕೇಳಿ ತನ್ನಿ. ಒಗೆದು ಒಗೆದು ಮೆತ್ತಗಾದ ಹತ್ತಿ ಬಟ್ಟೆ ಬಣ್ಣವನ್ನು ಚೆನ್ನಾಗಿ ಹೀರುತ್ತದೆ. ಇಸ್ತ್ರಿ ಮಾಡಿ, ಅಂಗೈಗಿಂತ ಸ್ವಲ್ಪ ದೊಡ್ಡ ತುಂಡುಗಳಾಗಿ ಕತ್ತರಿಸಿ, ರಟ್ಟಿನ ಮೇಲೆ ಟೇಪ್ ಹಾಕಿ ಬಿಗಿ ಮಾಡಿ. ಹಸಿರು ಫಿಂಗರ್ ಪೇಂಟನ್ನು ಪಾದಕ್ಕೆ ತಟ್ಟಿ ಬಟ್ಟೆಗೆ ಒತ್ತಿ. ಪಾದದ ಅಚ್ಚು ಮಾವಿನ ಎಲೆಯಂತೆಯೇ ಬರುತ್ತದೆ, ಹಿಮ್ಮಡಿಯ ಕಡೆ ತೊಟ್ಟು ಬರೆದರೆ ಮುಗಿಯಿತು. ಬಾಗಿಲ ಮೇಲೆ ಕಾಲಚ್ಚು ಬೇಡ ಅನ್ನುವ ಹಿರಿಯರಿದ್ದರೆ ವಾದ ಮಾಡಬೇಡಿ. ಅಂಗೈ ಅಚ್ಚು ತೆಗೆಯಿರಿ, ಬಿಡಿಸಿದ ಐದು ಬೆರಳು ಎಲೆಗೊಂಚಲಿನಂತೆ ಕಾಣುತ್ತದೆ. ಒಣಗಿದ ಮೇಲೆ ಸುತ್ತ ಕತ್ತರಿಸಿ ಅಂಚು ಹೊಲಿದು ದಪ್ಪ ದಾರಕ್ಕೆ ಪೋಣಿಸಿ.

ಈ ಬಣ್ಣ ನೀರಿಗೆ ಬಿಡುತ್ತದೆ, ಆದ್ದರಿಂದ ತೋರಣವನ್ನು ಒಗೆಯುವಂತಿಲ್ಲ. ಧೂಳು ಕೊಡವಿ ಇಡಬೇಕು. ಒಗೆಯುವಂಥದ್ದೇ ಬೇಕೆಂದರೆ ಅಚ್ಚನ್ನು ಮೊದಲು ಕಾಗದದ ಮೇಲೆ ತೆಗೆದು, ಕಾರ್ಬನ್ ಹಾಳೆ ಇಟ್ಟು ಬಟ್ಟೆಗೆ ಇಳಿಸಿ, ಆ ಗೆರೆಯ ಮೇಲೆ ಸರಪಳಿ ಹೊಲಿಗೆ ಹಾಕಿ. ಧಾರವಾಡ ಕಡೆಯ ಅಜ್ಜಿಯಂದಿರಿಗೆ ಕಸೂತಿ ಬಂದರೆ ಎಲೆಯ ನಡುವೆ ಪುಟ್ಟ ಗೋಪುರವೋ ನವಿಲೋ ಕೂತುಬಿಡುತ್ತದೆ. ಹಾಗೆ ಅಜ್ಜಿಯ ಕೈಯೂ ಮೊಮ್ಮಗುವಿನ ಕೈಯೂ ಒಂದೇ ಬಟ್ಟೆಯಲ್ಲಿ ಸೇರುತ್ತವೆ.

ಮೊದಲ ಯುಗಾದಿಗೆ ಒಂದೇ ಎಲೆ ಸಾಕು. ಪ್ರತಿ ಯುಗಾದಿಗೆ ಒಂದು ಸೇರಿಸುತ್ತಾ ಹೋಗಿ. ಎಲೆಯ ಹಿಂದೆ ಸಂವತ್ಸರದ ಹೆಸರು ಬರೆಯಿರಿ. ಅದೇ ದಿನ ಇಲ್ಲಿ ಗುಡಿ ಪಾಡ್ವಾ ಇರುವುದರಿಂದ ಪಕ್ಕದ ಮನೆಯ ಮರಾಠಿ ಮಕ್ಕಳೂ ಸೇರಿಕೊಳ್ಳುತ್ತಾರೆ. ಅವರ ಎಲೆಯನ್ನು ಅಂದು ಮನೆ ಮುಂದೆ ಏರಿಸುವ ಗುಡಿಗೆ, ಅಂದರೆ ಬಟ್ಟೆ ಕಟ್ಟಿದ ಕೋಲಿಗೆ, ಕಟ್ಟಿದರೆ ಅವರಿಗೂ ಖುಷಿ.

ಗಣೇಶ ಚೌತಿಗೆ?

ಶಾಡೂ ಮಣ್ಣು, ಅಂದರೆ ಇಲ್ಲಿ ಗಣಪತಿ ಮಾಡುವ ಜೇಡಿಮಣ್ಣು. ಎರಡು ವರ್ಷದ ಮಗುವಿಗೆ ಉಂಡೆ ಕಟ್ಟಲು ಬರುತ್ತದೆ, ಅದೇ ಮೋದಕ. ಸಾಲಾಗಿ ಗಣಪತಿಯ ಮುಂದೆ ಇಡಿ. ಬಿಸಿಲಿಗೆ ಇಟ್ಟರೆ ಬಿರುಕು ಬಿಡುತ್ತದೆ, ನೆರಳಲ್ಲಿ ಒಣಗಿಸಿ. ಮನೆಯಲ್ಲೇ ಬಕೆಟಿನಲ್ಲಿ ವಿಸರ್ಜನೆ ಮಾಡುವವರು, ಕರಗಿ ತಳದಲ್ಲಿ ಕೂತ ಮಣ್ಣಿನಲ್ಲಿ ಒಂದು ಹಿಡಿ ತೆಗೆದು ಮಗುವಿನ ಅಂಗೈ ಒತ್ತಿಸಿ ಇಡಬಹುದು. ಇದರಲ್ಲಿ ಕಾಲಚ್ಚು ಬೇಡ, ಕೈ ಮಾತ್ರ. ಸುಡದ ಮಣ್ಣು ಬೇಗ ಒಡೆಯುತ್ತದೆ, ಪೆಟ್ಟಿಗೆಯಲ್ಲಿ ಹತ್ತಿಯ ಮೇಲಿಡಿ.

ಕೃಷ್ಣಾಷ್ಟಮಿಯ ಪುಟ್ಟ ಹೆಜ್ಜೆಗಳು?

ಅಕ್ಕಿಹಿಟ್ಟಿನ ನೀರಿನಲ್ಲಿ ಮಗುವಿನ ಪಾದ ಅದ್ದಿ ಬಾಗಿಲಿಂದ ದೇವರ ಮನೆವರೆಗೆ ಹೆಜ್ಜೆ ಇಡಿಸಿ. ಜಾರುತ್ತದೆ, ಎರಡೂ ಕೈ ಹಿಡಿದುಕೊಳ್ಳಿ. ಇಡಲು ಬೇಕಿದ್ದರೆ ಕಪ್ಪು ಡ್ರಾಯಿಂಗ್ ಹಾಳೆಯ ಮೇಲೆ ಬಿಳಿ ಬಣ್ಣದಲ್ಲಿ ಬೇರೆಯಾಗಿ ತೆಗೆಯಿರಿ.

ದೀಪಾವಳಿಗೆ ಇಲ್ಲಿನ ಮಕ್ಕಳು ಕಿಲ್ಲಾ ಕಟ್ಟುತ್ತಾರೆ. ನಮ್ಮ ಎರಡು ವರ್ಷದವನನ್ನು ಸೇರಿಸಬಹುದಾ?

ಖಂಡಿತ ಸೇರಿಸಿ. ಕಟ್ಟಡದ ಅಂಗಳದಲ್ಲಿ ಅಣ್ಣಂದಿರು ಅಕ್ಕಂದಿರು ಕಲ್ಲು ಮಣ್ಣು ಗೋಣಿಯಿಂದ ಶಿವಾಜಿ ಮಹಾರಾಜರ ಕೋಟೆ ಕಟ್ಟುವಾಗ ಪುಟ್ಟವರಿಗೂ ಒಂದು ಕೆಲಸ ಇದೆ: ಒದ್ದೆ ಮಣ್ಣಿನ ಮೇಲೆ ರಾಗಿ, ಸಾಸಿವೆ ಎರಚುವುದು. ಕೆಲವೇ ದಿನಕ್ಕೆ ಕೋಟೆ ಹಸಿರಾಗುತ್ತದೆ. ಆ ಹಸಿರನ್ನು ನೋಡಲು ಮಗು ದಿನಾ ಬೆಳಿಗ್ಗೆ ಎಳೆದುಕೊಂಡು ಹೋಗುತ್ತದೆ. ಕೋಟೆ ಉಳಿಯುವುದಿಲ್ಲ. ಅದರ ಗೋಡೆಗೆ ಮಗುವಿನ ಕೈ ಒತ್ತಿಸಿ ಫೋಟೋ ತೆಗೆಯಿರಿ, ಒಂದು ಮಣ್ಣಿನ ಮಾವಳ ಸೈನಿಕನನ್ನು ನೆನಪಿಗೆ ಎತ್ತಿಡಿ. ಪಟಾಕಿ ಹೊತ್ತಿಗೆ ಮಾತ್ರ ಮಕ್ಕಳನ್ನು ಅಲ್ಲಿಂದ ಒಳಗೆ ಕರೆದುಕೊಳ್ಳಿ.

ಕಂದೀಲಿಗೆ ಬಟರ್ ಪೇಪರ್ ತಂದು ಅದರ ಮೇಲೆ ಬೆಂಡೆಕಾಯಿ ಅಚ್ಚು ಹಾಕಿಸಿ. ಅಡ್ಡ ಕತ್ತರಿಸಿದ ಬೆಂಡೆಕಾಯಿ ಹೂವಿನಂತೆ ಮೂಡುತ್ತದೆ, ಪುಟ್ಟ ಮುಷ್ಟಿಗೆ ಹಿಡಿಯಲೂ ಸರಿ. ಹಣತೆಗೆ ಮಗು ಬಣ್ಣ ಬಳಿದರೆ ಅದರಲ್ಲಿ ದೀಪ ಹಚ್ಚಬೇಡಿ, ದೇವರ ಮುಂದೆ ಹಾಗೇ ಇಡಿ.

ಸಂಕ್ರಾಂತಿಗೆ ಮಗುವಿಗೆ ಹಣ್ಣೆರೆಯುತ್ತೇವೆ. ಅದರ ನೆನಪಿಗೆ ಏನಿಡಬಹುದು?

ಇಲ್ಲಿನವರು ಬೋರನ್ಹಾಣ ಮಾಡುವುದೂ ಹಾಗೇ: ಕಪ್ಪು ಬಟ್ಟೆ, ಕುಸುರೆಳ್ಳಿನ ಒಡವೆ, ತಲೆ ಮೇಲೆ ಬೋರೆಹಣ್ಣು, ಮಂಡಕ್ಕಿ. ಒಡವೆಗಳನ್ನು ಇಡಲು ಹೋಗಬೇಡಿ, ಇರುವೆ ಬರುತ್ತದೆ, ಸಕ್ಕರೆ ಕರಗುತ್ತದೆ. ಆ ಕಪ್ಪು ಅಂಗಿಯನ್ನೇ ಇಡಿ. ಅದರ ಬೆನ್ನಿನ ಮೇಲೆ ಮಗುವಿನ ಅಂಗೈ ಆಕಾರವನ್ನು ಬಿಳಿ ದಾರದಲ್ಲಿ ಹೊಲಿದರೆ ಕುಸುರೆಳ್ಳಿನಂತೆಯೇ ಹೊಳೆಯುತ್ತದೆ. ಎರೆಯುವಾಗ ಬೋರೆಹಣ್ಣು, ಕಡಲೆ, ಕಬ್ಬಿನ ತುಂಡು ಮಗುವಿನ ಬಾಯಿಗೆ ಹೋಗದಂತೆ ಒಬ್ಬರು ಹತ್ತಿರವೇ ಕೂತಿರಲಿ.

ಗೋವಾದಲ್ಲಿದ್ದೇವೆ. ಕ್ರಿಸ್‌ಮಸ್‌ಗೆ ನೆರೆಮನೆಯವರಿಗೆ ಏನಾದರೂ ಕೊಡಬೇಕು.

ಮಗುವಿನ ಬೆರಳಚ್ಚು ಹಾಕಿದ ನಕ್ಷತ್ರ. ರಟ್ಟಿನ ನಕ್ಷತ್ರ ಕತ್ತರಿಸಿಕೊಡಿ, ಹಳದಿ ಬಣ್ಣದಲ್ಲಿ ಬೆರಳು ಅದ್ದಿ ಎಷ್ಟು ಚುಕ್ಕೆ ಇಟ್ಟರೆ ಅಷ್ಟು. ಅವರ ಗೋದಲಿಯ ಪಕ್ಕ ತೂಗುಹಾಕುತ್ತಾರೆ.

ಮಗು ಕೂರುವುದೇ ಇಲ್ಲ. ಅರ್ಧಕ್ಕೇ ಎದ್ದು ಹೋಗುತ್ತದೆ.

ಹೋಗಲಿ ಬಿಡಿ. ಎರಡು ವರ್ಷದ ಮಗು ಐದಾರು ನಿಮಿಷ ಕೂತರೆ ಅದೇ ದೊಡ್ಡದು. ಸಾಮಾನೆಲ್ಲ ಮೊದಲೇ ಜೋಡಿಸಿಟ್ಟು, ಒದ್ದೆ ಬಟ್ಟೆ ಪಕ್ಕದಲ್ಲಿಟ್ಟು, ಆಮೇಲೆ ಮಗುವನ್ನು ಕರೆಯಿರಿ. ಹಬ್ಬದ ದಿನ ಬೆಳಿಗ್ಗೆ ಮಾತ್ರ ಬೇಡ. ಒಲೆ ಮೇಲೆ ಹೋಳಿಗೆ ಹೂರಣ, ಬಾಗಿಲಲ್ಲಿ ನೆಂಟರು, ಕೈಯಲ್ಲಿ ಬಣ್ಣ, ಎಲ್ಲರಿಗೂ ಸಿಟ್ಟು ಬರುತ್ತದೆ. ಹಿಂದಿನ ವಾರವೇ ಮಾಡಿ ಮುಗಿಸಿ.

ಸ್ವಲ್ಪ ತಿದ್ದಿ ಚಂದ ಮಾಡಬಹುದಾ?

ಅಂಚು ಕತ್ತರಿಸಿ, ದಾರ ಕಟ್ಟಿ, ತಾರೀಖು ಬರೆಯಿರಿ. ಅಚ್ಚನ್ನು ಮುಟ್ಟಬೇಡಿ. ಕಿರುಬೆರಳು ಮೂಡದಿದ್ದರೆ ಅದು ಆ ದಿನದ ಕಿರುಬೆರಳು. ಗೀಚಿದ್ದು ಹಾಳೆ ದಾಟಿ ಹೋಗಿದ್ದರೆ ಹಾಗೇ ಇರಲಿ.

ವರ್ಷಗಟ್ಟಲೆ ಹಾಳಾಗದಂತೆ ಇಡುವುದು ಹೇಗೆ?

ಹಿಂದೆ ಪೆನ್ಸಿಲಿನಲ್ಲಿ ಬರೆಯಿರಿ: ಹೆಸರು, ತಾರೀಖು, ಎಷ್ಟು ತಿಂಗಳು, ಯಾವ ಹಬ್ಬ, ಕೈ ಹಿಡಿದವರು ಯಾರು. ಶಾಯಿ ತೇವಕ್ಕೆ ಹರಡುತ್ತದೆ, ಪೆನ್ಸಿಲ್ ಹರಡುವುದಿಲ್ಲ. ಮೈದಾ ಅಂಟು ಬಳಸಬೇಡಿ, ಜಿರಳೆ ಬರುತ್ತದೆ. ಫೆವಿಕಾಲ್ ಸಾಕು. ಸೆಲ್ಲೋಟೇಪ್ ಹಳದಿಯಾಗಿ ಕಿತ್ತುಬರುತ್ತದೆ. ಲ್ಯಾಮಿನೇಶನ್‌ಗೆ ಕೊಡುವ ಮೊದಲು ಯೋಚಿಸಿ, ಬಿಸಿಗೆ ದಪ್ಪ ಬಣ್ಣ ಅಂಟಿಹೋಗುತ್ತದೆ. ಫ್ರೇಮ್ ಹಾಕಿಸಿದರೆ ಮಳೆ ಹೊಡೆಯುವ ಹೊರಗೋಡೆಗೆ ತೂಗಬೇಡಿ.

ಮಗುವಿನ ಬಟ್ಟೆ, ತೋರಣ ಇಟ್ಟ ಪೆಟ್ಟಿಗೆಗೆ ನುಸಿಗುಳಿಗೆ ಹಾಕುವ ಅಭ್ಯಾಸ ನಮ್ಮಲ್ಲಿದೆ. ದಯವಿಟ್ಟು ಬೇಡ. ಹಳೆ ಕಾಲದ ನುಸಿಗುಳಿಗೆಯಲ್ಲಿರುವ ನ್ಯಾಫ್ತಲೀನ್, ಜಿ6ಪಿಡಿ ಕೊರತೆ (ರಕ್ತಕಣಗಳನ್ನು ಕಾಪಾಡುವ ಒಂದು ಕಿಣ್ವದ ಹುಟ್ಟಿನಿಂದ ಬಂದ ಕೊರತೆ) ಇರುವ ಮಕ್ಕಳಲ್ಲಿ ರಕ್ತಕಣಗಳನ್ನೇ ಒಡೆಯುತ್ತದೆ. ಆ ಕೊರತೆ ಇದೆ ಎಂದು ಬಹಳ ಮನೆಗಳಲ್ಲಿ ಗೊತ್ತೇ ಇರುವುದಿಲ್ಲ. ಒಣಗಿದ ಬೇವಿನ ಎಲೆ, ಬಟ್ಟೆಯಲ್ಲಿ ಕಟ್ಟಿದ ಲವಂಗ ಹಾಕಿ. ಮಳೆ ಮುಗಿದ ಮೇಲೆ ಅಕ್ಟೋಬರಿನಲ್ಲಿ ಒಮ್ಮೆ ಪೆಟ್ಟಿಗೆ ತೆರೆದು ನೆರಳಲ್ಲಿ ಗಾಳಿಯಾಡಿಸಿ.

ಸಾಮಾನು ಎಲ್ಲಿ ಸಿಗುತ್ತದೆ?

ಮುಂಬೈಯಲ್ಲಿ ಕ್ರಾಫರ್ಡ್ ಮಾರ್ಕೆಟ್ ಪಕ್ಕದ ಅಬ್ದುಲ್ ರೆಹಮಾನ್ ಸ್ಟ್ರೀಟ್ ಕಾಗದ, ಬಣ್ಣಕ್ಕೆ. ಹಣತೆಗೆ ಧಾರಾವಿಯ ಕುಂಬಾರವಾಡಾ. ಕಂದೀಲು ಕಟ್ಟುವುದನ್ನು ಮಕ್ಕಳಿಗೆ ತೋರಿಸಬೇಕಿದ್ದರೆ ಮಾಹಿಮ್‌ನ ಕಂದೀಲ್ ಗಲ್ಲಿ. ಪುಣೆಯವರಿಗೆ ರವಿವಾರ ಪೇಠೆಯ ಬೋಹ್ರಿ ಆಳಿ, ತುಳಶೀಬಾಗ್. ಗೋವಾದವರಿಗೆ ಮಾಪುಸಾದ ಶುಕ್ರವಾರದ ಸಂತೆಯಲ್ಲಿ ಮಣ್ಣಿನ ಸಾಮಾನು ಸಿಗುತ್ತದೆ.

ಊರಿನ ಅಜ್ಜ-ಅಜ್ಜಿಗೆ ಕಳಿಸಬೇಕು. ದಾರಿಯಲ್ಲಿ ಒಡೆಯುವುದಿಲ್ಲವಾ?

ಹಿಟ್ಟಿನ ಅಚ್ಚು, ಮಣ್ಣಿನ ಅಚ್ಚು ಅಂಚೆಯಲ್ಲಿ ಒಡೆಯುವುದೇ ಜಾಸ್ತಿ. ಮತ್ಸ್ಯಗಂಧಾದಲ್ಲೋ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲೋ ಊರಿಗೆ ಹೊರಟವರ ಕೈಚೀಲದಲ್ಲಿ ಕಳಿಸಿ, ಸ್ಟೀಲ್ ಡಬ್ಬಿಯಲ್ಲಿ ಮಗುವಿನ ಹಳೆ ಬಟ್ಟೆ ಸುತ್ತಿ. ಅಂಚೆಗೆ ಹಾಕುವುದಾದರೆ ಬಟ್ಟೆಯ ಎಲೆ ಅಥವಾ ಕಾಗದದ ಅಚ್ಚೇ ಒಳ್ಳೆಯದು. ಎರಡು ರಟ್ಟಿನ ನಡುವೆ ಇಟ್ಟು, ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ, ಸ್ಪೀಡ್ ಪೋಸ್ಟ್ ಮಾಡಿ. ಕಳಿಸುವ ಮೊದಲು ಹಗಲು ಬೆಳಕಿನಲ್ಲಿ ಒಂದು ಫೋಟೋ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಒಂದೇ ಕೂರುವಿಕೆಯಲ್ಲಿ ಎರಡು ಅಚ್ಚು ತೆಗೆದಿದ್ದರೆ ಮೊದಲಿನ ದಪ್ಪದ್ದನ್ನು ಊರಿಗೆ ಕಳಿಸಿ. ಕನ್ನಡಕ ಹಾಕದೆಯೂ ಅಜ್ಜಿಗೆ ಅದು ಚೆನ್ನಾಗಿ ಕಾಣುತ್ತದೆ.